ಬೆನ್ನ ಮೇಲಿನ ಗುಲಾಬಿ ಮಚ್ಚೆ: ವೈರಸ್ಸೇ ಕಾರಣವೇ?

ಹದಿನಾರು ಹದಿನೇಳರ ಹುಡುಗನೊಬ್ಬನ ಎದೆಯ ಮೇಲೋ ಹೊಟ್ಟೆಯ ಪಕ್ಕದಲ್ಲೋ ಒಂದು ದಿನ ಮೊಟ್ಟೆಯಾಕಾರದ ಮಚ್ಚೆಯೊಂದು ಕಾಣಿಸಿಕೊಳ್ಳುತ್ತದೆ. ಅದರ ಅಗಲ 2 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೂ ಇರಬಹುದು. ಅಂಚಿನ ಒಳಬದಿಯಲ್ಲಿ ತೆಳ್ಳಗೆ ಹೊಟ್ಟು ಎದ್ದಿರುತ್ತದೆ. ಮನೆಯವರು ಹುಳುಕಡ್ಡಿ ಎಂದು ತಾವೇ ತೀರ್ಮಾನಿಸಿ ಔಷಧದಂಗಡಿಯಿಂದ ಒಂದು ಮುಲಾಮು ತಂದು ಹಚ್ಚುತ್ತಾರೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ಎದೆ, ಹೊಟ್ಟೆ, ಬೆನ್ನಿನ ತುಂಬ ಅಂಥವೇ ಸಣ್ಣ ಸಣ್ಣ ಮಚ್ಚೆಗಳು! ಅಜ್ಜಿ ‘ಅಮ್ಮ ಬಂದಿದೆ’ ಎನ್ನುತ್ತಾರೆ, ಪಕ್ಕದ ಮನೆಯವರು ‘ಪಿತ್ತದ ಗಂಧೆ’ ಎನ್ನುತ್ತಾರೆ. ತರಗತಿಯಲ್ಲಿ ಅವನ ಪಕ್ಕ ಕುಳಿತುಕೊಳ್ಳಲು ಗೆಳೆಯರು ಹಿಂದೆಮುಂದೆ ನೋಡುತ್ತಾರೆ. ಪರೀಕ್ಷೆ ಹತ್ತಿರವಿದ್ದರಂತೂ ಮನೆಮಂದಿಯ ಗಾಬರಿ ಹೇಳತೀರದು.

ಚರ್ಮವೈದ್ಯರು ಮಾತ್ರ ಗಾಬರಿಯಾಗುವುದಿಲ್ಲ. ಹುಡುಗನ ಬೆನ್ನನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. ಬೆನ್ನೆಲುಬನ್ನು ಒಂದು ಮರದ ಕಾಂಡ ಎಂದುಕೊಂಡರೆ, ಮಚ್ಚೆಗಳು ಅದರ ಎರಡೂ ಬದಿಗೆ ಕೆಳಮುಖವಾಗಿ ಬಾಗಿದ ಕೊಂಬೆಗಳಂತೆ ಸಾಲುಗಟ್ಟಿರುತ್ತವೆ. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಕ್ರಿಸ್‌ಮಸ್ ಮರದ ಹೋಲಿಕೆ ಕೊಟ್ಟಿರುತ್ತಾರೆ. ರೋಗದ ಹೆಸರು ಪಿಟಿರಿಯಾಸಿಸ್ ರೋಸಿಯಾ. ಮೊದಲ ಪದದ ಮೂಲ ಗ್ರೀಕ್ ಭಾಷೆಯ ‘ತವುಡು’, ಎರಡನೆಯದರ ಅರ್ಥ ‘ಗುಲಾಬಿ ಬಣ್ಣದ್ದು’. ತವುಡಿನಂಥ ಹೊಟ್ಟೇಳುವ ಗುಲಾಬಿ ಮಚ್ಚೆ ಎಂದಷ್ಟೇ ಅರ್ಥ. ಬಿಳಿಯರ ಚರ್ಮವನ್ನು ನೋಡಿ ಇಟ್ಟ ಹೆಸರು ಇದು. ನಮ್ಮವರ ಕಂದು ಚರ್ಮದಲ್ಲಿ ಗುಲಾಬಿ ಬಣ್ಣ ಎದ್ದು ಕಾಣುವುದಿಲ್ಲ. ಮಚ್ಚೆ ಬೂದಿಯಾಗಿಯೋ ಗಾಢ ಕಂದಾಗಿಯೋ ಕಾಣುತ್ತದೆ. ಮೊದಲು ಬಂದ ದೊಡ್ಡ ಮಚ್ಚೆಗೆ ವೈದ್ಯರು ‘ಹೆರಾಲ್ಡ್ ಪ್ಯಾಚ್’ ಎನ್ನುತ್ತಾರೆ. ಹಿಂದೆ ದಂಡು ಬರುತ್ತಿದೆ ಎಂದು ಸಾರಲು ಬಂದ ದೂತ ಅದು. ಅದನ್ನು ತಾಯಿಮಚ್ಚೆ ಎಂದೂ ಕರೆಯುವುದುಂಟು. ಹತ್ತರಿಂದ ಮೂವತ್ತೈದು ವರ್ಷದೊಳಗಿನವರಲ್ಲಿ ಈ ರೋಗ ಹೆಚ್ಚು. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ, ಔಷಧ ಕೊಟ್ಟರೂ ಕೊಡದಿದ್ದರೂ, ತಾನಾಗಿಯೇ ಹೊರಟುಹೋಗುತ್ತದೆ.

ಈ ರೋಗಕ್ಕೆ ಈ ಹೆಸರು ಕೊಟ್ಟು ವರ್ಣಿಸಿದವನು ಫ್ರಾನ್ಸಿನ ವೈದ್ಯ ಕಮೀಯ್ ಜೀಬೇರ್, 1860ರಲ್ಲಿ. ಅಂದಿನಿಂದ ಇಂದಿನವರೆಗೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಈ ನಡುವೆ ಕ್ಷಯದ ಬ್ಯಾಕ್ಟೀರಿಯ ಸಿಕ್ಕಿತು, ಪೋಲಿಯೊ ವೈರಸ್ ಸಿಕ್ಕಿತು, ಸಿಡುಬನ್ನು ಭೂಮಿಯಿಂದಲೇ ಓಡಿಸಿದ್ದಾಯಿತು. ಆದರೆ ಹಳ್ಳಿಯ ವೈದ್ಯರೂ ಕಂಡಿರುವ ಈ ಮಚ್ಚೆಯ ಕಾರಣ ಯಾವುದೆಂದು ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. ಇದರಲ್ಲಿ ವಿಜ್ಞಾನಿಗಳ ಉದಾಸೀನವೇನೂ ಇಲ್ಲ. ಕಾರಣವೊಂದನ್ನು ಸಾಬೀತು ಮಾಡುವುದು ಎಷ್ಟು ಬಿಗಿಯಾದ ಕೆಲಸ ಎಂಬುದನ್ನು ತಿಳಿಯಲು ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ವೈರಸ್ಸಿನ ಮೇಲೆ ಗುಮಾನಿ ಬಂದದ್ದು ಸಹಜವೇ. ಮಚ್ಚೆ ಬರುವ ಮೊದಲು ಕೆಲವರಿಗೆ ಮೈಕೈ ನೋವು, ಗಂಟಲು ಕೆರೆತ, ಸಣ್ಣ ಜ್ವರ ಬಂದುಹೋಗಿರುತ್ತದೆ. ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪ. ದಡಾರ, ಸೀತಾಳೆ ಸಿಡುಬುಗಳ ಹಾಗೆ ದೇಹ ಏನನ್ನೋ ಗುರುತಿಟ್ಟುಕೊಂಡಂತೆ ತೋರುತ್ತದೆ. 1982ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ರೋಗದ ಪ್ರಕರಣಗಳು ಅಲ್ಲೊಂದು ಇಲ್ಲೊಂದಾಗಿ ಚದುರದೆ ಗುಂಪುಗುಂಪಾಗಿ ಕಂಡುಬರುವುದಕ್ಕೆ ಆಧಾರ ಸಿಕ್ಕಿತು. ಇವೆಲ್ಲ ಸೋಂಕಿನ ಲಕ್ಷಣಗಳೇ. ವಿಚಿತ್ರವೆಂದರೆ ರೋಗಿಯ ಜೊತೆಯಲ್ಲೇ ಉಣ್ಣುವ, ಮಲಗುವ ತಮ್ಮನಿಗೋ ತಂಗಿಗೋ ಮಚ್ಚೆ ಬರುವುದು ಬಲು ಕಡಿಮೆ. ಸೋಂಕೇ ಆಗಿದ್ದರೆ ಮನೆಯೊಳಗೆ ಹರಡಬೇಕಾಗಿತ್ತಲ್ಲವೆ?

ಗುಮಾನಿ ಬೇರೆ, ಪುರಾವೆ ಬೇರೆ. ಪುರಾವೆಗೆ ಮೊದಲು ಅಳತೆಗೋಲು ಹಾಕಿಕೊಟ್ಟವನು ಜರ್ಮನಿಯ ರಾಬರ್ಟ್ ಕಾಖ್. ಅವನು 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ತೋರಿಸಿಕೊಟ್ಟವನು, 1884ರಲ್ಲಿ ಕಲ್ಕತ್ತೆಗೆ ಬಂದು ಕಾಲರಾ ರೋಗಾಣುವನ್ನು ಬೇರ್ಪಡಿಸಿದವನು. ಅವನ ಹೆಸರಿನಲ್ಲಿ ಪಾಠಪುಸ್ತಕಗಳಲ್ಲಿ ಬರುವ ನಿಯಮಗಳ ತಿರುಳು ಇಷ್ಟು: ರೋಗಾಣು ಪ್ರತಿಯೊಬ್ಬ ರೋಗಿಯಲ್ಲೂ ಇರಬೇಕು, ಆರೋಗ್ಯವಂತರಲ್ಲಿ ಇರಬಾರದು, ಅದನ್ನು ಹೊರತೆಗೆದು ಬೆಳೆಸಬೇಕು, ಬೆಳೆಸಿದ್ದನ್ನು ಆರೋಗ್ಯವಂತ ಪ್ರಾಣಿಗೆ ಕೊಟ್ಟಾಗ ಅದೇ ರೋಗ ಬರಬೇಕು, ಆ ಪ್ರಾಣಿಯಿಂದ ಮತ್ತೆ ಅದೇ ರೋಗಾಣು ಸಿಗಬೇಕು. ಕೇಳಲು ಸರಳ. ಆದರೆ ಕಾಲರಾ ವಿಷಯದಲ್ಲೇ, ರೋಗಾಣು ಹೊತ್ತೂ ಆರೋಗ್ಯವಾಗಿ ಓಡಾಡಿಕೊಂಡಿರುವ ಜನ ಕಾಖ್‌ನ ಕಣ್ಣಿಗೆ ಬಿದ್ದರು. ನಿಯಮ ರೂಪಿಸಿದವನೇ ಅದನ್ನು ಸಡಿಲಿಸಬೇಕಾಯಿತು.

ಚರ್ಮದ ದದ್ದುಗಳ ವಿಷಯದಲ್ಲಿ ವಿಜ್ಞಾನಿಗಳು ಗೆದ್ದ ಸಂದರ್ಭಗಳೂ ಇವೆ. ಅವುಗಳನ್ನು ನೋಡಿದರೆ ಗುಲಾಬಿ ಮಚ್ಚೆಯ ತೊಡಕು ಎಲ್ಲಿದೆಯೆಂದು ಗೊತ್ತಾಗುತ್ತದೆ.

ಮಕ್ಕಳಿಗೆ ಬರುವ ದದ್ದಿನ ರೋಗಗಳಿಗೆ ಹಿಂದಿನ ವೈದ್ಯರು ಒಂದು, ಎರಡು ಎಂದು ನಂಬರು ಕೊಟ್ಟಿದ್ದರು. ದಡಾರ ಮೊದಲನೆಯದು. ಐದನೆಯ ನಂಬರಿನದಕ್ಕೆ ಇಂದಿಗೂ ‘ಐದನೆಯ ರೋಗ’ ಎಂಬ ಹೆಸರೇ ಉಳಿದುಕೊಂಡಿದೆ. ಈ ರೋಗ ಬಂದ ಮಗುವಿನ ಎರಡೂ ಕೆನ್ನೆಗಳು ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ ಕೆಂಪಾಗುತ್ತವೆ. ಆಮೇಲೆ ತೋಳು ತೊಡೆಗಳ ಮೇಲೆ ಬಲೆಯಂಥ ದದ್ದು ಏಳುತ್ತದೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಇವಾನ್ ಕೊಸಾರ್ಟ್ ಎಂಬ ವಿಜ್ಞಾನಿ ಮತ್ತು ಆಕೆಯ ಸಂಗಡಿಗರು ಕಾಮಾಲೆಯ ಹೆಪಟೈಟಿಸ್ ಬಿ ವೈರಸ್ಸಿಗಾಗಿ ರಕ್ತದ ಮಾದರಿಗಳನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲೊಂದರಲ್ಲಿ ಯಾವುದೋ ಅಪರಿಚಿತ ಪುಟ್ಟ ವೈರಸ್ ಕಾಣಿಸಿತು. ಆ ಮಾದರಿಯ ಗುರುತು ಬಿ-19. ವೈರಸ್ಸಿಗೂ ಅದೇ ಹೆಸರಾಯಿತು: ಪಾರ್ವೊವೈರಸ್ ಬಿ-19. 1975ರಲ್ಲಿ ವರದಿ ಪ್ರಕಟವಾದಾಗ ಇದು ಯಾವ ರೋಗದ ವೈರಸ್ ಎಂಬುದು ಯಾರಿಗೂ ಗೊತ್ತಿರಲಿಲ್ಲ. ರೋಗವಿದ್ದು ವೈರಸ್ ಸಿಗದಿರುವುದು ಎಲ್ಲರಿಗೂ ಗೊತ್ತು. ಇಲ್ಲಿ ವೈರಸ್ ಕೈಯಲ್ಲಿತ್ತು, ರೋಗವನ್ನು ಹುಡುಕಬೇಕಾಗಿತ್ತು!

1983ರಲ್ಲಿ ಉತ್ತರ ಲಂಡನ್ನಿನ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೆಯ ರೋಗ ಹಬ್ಬಿತು. ಮಕ್ಕಳ ರಕ್ತ ಪರೀಕ್ಷಿಸಿದಾಗ, ಬಿ-19 ವಿರುದ್ಧ ಹೊಸದಾಗಿ ಹುಟ್ಟಿದ ಪ್ರತಿಕಾಯಗಳು ಸಿಕ್ಕವು. ಪ್ರತಿಕಾಯ ಎಂದರೆ ಒಳನುಗ್ಗಿದ ವೈರಿಯನ್ನು ಎದುರಿಸಲು ದೇಹ ತಯಾರಿಸುವ ಪ್ರೋಟೀನು. ಸೋಂಕು ತಗುಲಿದ ಹೊಸತರಲ್ಲಿ ಹುಟ್ಟುವ ಪ್ರತಿಕಾಯ ಒಂದು ಬಗೆ, ವರ್ಷಗಟ್ಟಲೆ ಉಳಿಯುವಂಥದು ಇನ್ನೊಂದು ಬಗೆ. ಮೊದಲ ಬಗೆಯದು ಸಿಕ್ಕಿತೆಂದರೆ ಸೋಂಕು ಈಚಿನದು ಎಂದರ್ಥ. ಅಲ್ಲಿಗೂ ಸಂಶೋಧಕರು ನಿಲ್ಲಲಿಲ್ಲ. ಸಾಲ್ಸ್‌ಬರಿಯಲ್ಲಿ ಆಗ ನೆಗಡಿ ಸಂಶೋಧನೆಗೆಂದೇ ಒಂದು ಘಟಕವಿತ್ತು. ಅಲ್ಲಿ ಒಪ್ಪಿ ಬಂದ ಆರೋಗ್ಯವಂತ ವಯಸ್ಕರ ಮೂಗಿಗೆ ಬಿ-19 ವೈರಸ್ಸನ್ನು ಹನಿಸಿದರು. 1985ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಪ್ರತಿಕಾಯ ಇಲ್ಲದವರ ರಕ್ತದಲ್ಲಿ ಸುಮಾರು ಒಂದು ವಾರದ ಬಳಿಕ ವೈರಸ್ ತುಂಬಿಕೊಂಡಿತು. ಆಗ ಜ್ವರ, ಸುಸ್ತು ಇದ್ದವೇ ಹೊರತು ದದ್ದು ಇರಲಿಲ್ಲ. ಕೆಲವರಿಗೆ ದದ್ದು ಎದ್ದದ್ದು ಹದಿನೇಳು ಹದಿನೆಂಟನೆಯ ದಿನದ ಹೊತ್ತಿಗೆ, ಪ್ರತಿಕಾಯಗಳು ಹುಟ್ಟಿ ರಕ್ತದಲ್ಲಿ ವೈರಸ್ ಇಳಿದುಹೋದ ಮೇಲೆ! ದದ್ದು ವೈರಸ್ಸಿನ ನೇರ ಕೆಲಸವಲ್ಲ, ಅದರ ಮೇಲೆ ದೇಹ ನಡೆಸಿದ ಹೋರಾಟದ ಗುರುತು. ಕೆನ್ನೆ ಕೆಂಪಾದ ದಿನ ಮಗುವಿನ ರಕ್ತದಲ್ಲಿ ವೈರಸ್ಸನ್ನು ಹುಡುಕಿದವರಿಗೆ ಇಷ್ಟು ವರ್ಷ ಅದು ಏಕೆ ಸಿಕ್ಕಿರಲಿಲ್ಲ ಎಂಬುದೂ ಇದರಿಂದ ತಿಳಿಯಿತು.

‘ಆರನೆಯ ರೋಗ’ದ ಕಥೆ ಇನ್ನೂ ಸಲೀಸು. ಹಸುಗೂಸಿಗೆ ಮೂರು ನಾಲ್ಕು ದಿನ ಜೋರು ಜ್ವರ ಕಾದು, ಇಳಿಯುತ್ತಿದ್ದಂತೆ ಮೈತುಂಬ ನಸುಗೆಂಪು ದದ್ದು ಏಳುತ್ತದೆ. 1988ರಲ್ಲಿ ಜಪಾನಿನ ಕೋಯಿಚಿ ಯಮನಿಶಿ ಮತ್ತು ಸಂಗಡಿಗರು ಇಂಥ ಕೂಸುಗಳ ರಕ್ತದಿಂದ ಮಾನವ ಹರ್ಪಿಸ್ ವೈರಸ್-6 ಎಂಬುದನ್ನು ಬೇರ್ಪಡಿಸಿದರು. ರೋಗ ಬರುವ ಹೊತ್ತಿಗೆ ಕೂಸಿನಲ್ಲಿ ಈ ವೈರಸ್ಸಿನ ಪ್ರತಿಕಾಯ ಇರಲಿಲ್ಲ. ಗುಣವಾದ ಮೇಲೆ ಇತ್ತು. ಮೊದಲು ಇರಲಿಲ್ಲ, ರೋಗದ ಜೊತೆಗೇ ಬಂತು. ಇಷ್ಟು ನೇರವಾದ ಸಾಕ್ಷ್ಯ ಇದ್ದಾಗ ವಾದಕ್ಕೆ ಜಾಗ ಕಡಿಮೆ.

ಇಲ್ಲಿಂದ ಮತ್ತೆ ಗುಲಾಬಿ ಮಚ್ಚೆಗೆ ಬರಬಹುದು. 1990ರಲ್ಲಿ ನಿಜಾ ಫ್ರೆಂಕೆಲ್ ಎಂಬ ವಿಜ್ಞಾನಿಯ ತಂಡ ಅಮೆರಿಕದಲ್ಲಿ ಹರ್ಪಿಸ್ ಕುಟುಂಬದ ಏಳನೆಯ ವೈರಸ್ಸನ್ನು ಕಂಡುಹಿಡಿಯಿತು. ಅದು ಸಿಕ್ಕಿದ್ದು ರೋಗಿಯಲ್ಲಲ್ಲ, ಆರೋಗ್ಯವಂತ ವ್ಯಕ್ತಿಯೊಬ್ಬನ ಬಿಳಿ ರಕ್ತಕಣಗಳಲ್ಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ. 1997ರಲ್ಲಿ ಇಟಲಿಯ ಫ್ರಾಂಚೆಸ್ಕೊ ಡ್ರಾಗೊ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಪಿಟಿರಿಯಾಸಿಸ್ ರೋಸಿಯಾದ 12 ರೋಗಿಗಳ ಚರ್ಮದಲ್ಲಿ, ರಕ್ತಕಣಗಳಲ್ಲಿ ಮಾತ್ರವಲ್ಲದೆ ಪ್ಲಾಸ್ಮಾ ಎಂಬ ರಕ್ತದ ದ್ರವದಲ್ಲೂ ಈ ವೈರಸ್-7ರ ಡಿಎನ್‌ಎ ಸಿಕ್ಕಿತೆಂಬುದು ಅದರ ಸಾರ. ಪತ್ತೆಗೆ ಬಳಸಿದ್ದು ಪಿಸಿಆರ್ ವಿಧಾನ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎಲ್ಲರಿಗೂ ಈ ಹೆಸರು ಪರಿಚಿತ. ಡಿಎನ್‌ಎಯ ಒಂದು ಚೂರಿದ್ದರೂ ಅದನ್ನು ಲಕ್ಷಾಂತರ ಪಟ್ಟು ನಕಲು ಮಾಡಿ ತೋರಿಸುವ ವಿಧಾನ ಅದು.

ನೂರಮೂವತ್ತೇಳು ವರ್ಷದ ಒಗಟು ಬಿಡಿಸಿತೆಂದು ಹಲವರು ಸಂತೋಷಪಟ್ಟರು. ಆದರೆ 1999ರಲ್ಲಿ ಸ್ವಿಟ್ಜರ್‌ಲೆಂಡಿನ ವರ್ನರ್ ಕೆಂಫ್ ಮತ್ತು ಸಂಗಡಿಗರು, ಮಚ್ಚೆಗೂ ವೈರಸ್-7ಕ್ಕೂ ಸಂಬಂಧವಿಲ್ಲವೆಂದು ಪ್ರಬಂಧದ ತಲೆಬರಹದಲ್ಲೇ ಸಾರಿದರು. ಅವರು ನೋಡಿದ ಮಚ್ಚೆಗಳಲ್ಲಿ ವೈರಸ್ ಇದ್ದದ್ದೇ ಅಪರೂಪ. ಹಾಂಗ್‌ಕಾಂಗಿನ ಆಂಟೋನಿಯೊ ಚುಹ್ ಮುಂತಾದವರಿಗೂ ಸಂಬಂಧ ಕಾಣಲಿಲ್ಲ. 2002ರಲ್ಲಿ ಅಮೆರಿಕದ ಸಂಶೋಧಕರು ಸಂಬಂಧ ಇದೆಯೆಂದರು. ಅದೂ ಒಂದಲ್ಲ, ಆರು ಮತ್ತು ಏಳು ಎರಡೂ ವೈರಸ್‌ಗಳು ರೋಗಿಗಳ ಮೈಯಲ್ಲಿ ಎಚ್ಚೆತ್ತಿವೆ ಎಂದರು. ಒಂದೇ ರೋಗ, ಹೆಚ್ಚು ಕಡಿಮೆ ಅದೇ ತಂತ್ರ. ಆದರೂ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದು. ಇವರಲ್ಲಿ ಸುಳ್ಳು ಹೇಳಿದವರು ಯಾರೆಂದು ಹುಡುಕುವ ಅಗತ್ಯವಿಲ್ಲ. ಹನ್ನೆರಡು ಹದಿನಾಲ್ಕು ರೋಗಿಗಳನ್ನು ನೋಡಿ ಹೊರಟ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗದಿರುವುದು ಅಚ್ಚರಿಯಲ್ಲ. ಮಚ್ಚೆಯ ಯಾವ ದಿನದಲ್ಲಿ ತುಣುಕು ತೆಗೆದರು, ತಾಯಿಮಚ್ಚೆಯಿಂದ ತೆಗೆದರೋ ಮರಿಮಚ್ಚೆಯಿಂದಲೋ, ಪರೀಕ್ಷೆಯನ್ನು ಎಷ್ಟು ಸೂಕ್ಷ್ಮಕ್ಕೆ ಇಟ್ಟರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ನಿಜವಾದ ತೊಡಕು ಇನ್ನೂ ಆಳದಲ್ಲಿದೆ. ಹರ್ಪಿಸ್ ವೈರಸ್-6 ಮತ್ತು 7 ಬಾಲ್ಯದಲ್ಲೇ ಬಹುಪಾಲು ಎಲ್ಲರ ಮೈಯನ್ನೂ ಹೊಕ್ಕಿರುತ್ತವೆ. ಹೊಕ್ಕ ಮೇಲೆ ಹೊರಗೆ ಹೋಗುವುದಿಲ್ಲ; ಬಿಳಿ ರಕ್ತಕಣಗಳಲ್ಲಿ ಜೀವಮಾನವಿಡೀ ಸುಪ್ತವಾಗಿ ಉಳಿಯುತ್ತವೆ. ಈ ಸಾಲುಗಳನ್ನು ಓದುತ್ತಿರುವ ನಿಮ್ಮಲ್ಲೂ ಅವು ಇರುವ ಸಂಭವವೇ ಹೆಚ್ಚು. ಮನೆಯಲ್ಲಿ ಕಳವಾದಾಗ ಬೀರುವಿನ ಮೇಲೆ ಹೊರಗಿನವನ ಬೆರಳಚ್ಚು ಸಿಕ್ಕರೆ ಅದೊಂದು ಸುಳಿವು. ಮನೆಯವನದೇ ಬೆರಳಚ್ಚು ಸಿಕ್ಕರೆ? ಅದು ದಿನವೂ ಇರುವಂಥದೇ. ಆರನೆಯ ರೋಗದ ಕೂಸಿಗೆ ವೈರಸ್ ಹೊರಗಿನವ. ಗುಲಾಬಿ ಮಚ್ಚೆಯ ಹದಿನಾರರ ಹುಡುಗನಿಗೆ ಅದು ಮನೆಯವ. ಇಟಲಿಯವರು ಪ್ಲಾಸ್ಮಾಕ್ಕೆ ಅಷ್ಟು ಮಹತ್ವ ಕೊಟ್ಟದ್ದು ಇದಕ್ಕೇ. ರಕ್ತಕಣದೊಳಗೆ ವೈರಸ್ ಇದ್ದರೆ ಮಲಗಿರಬಹುದು, ದ್ರವದಲ್ಲಿ ಸಿಕ್ಕರೆ ಎದ್ದು ಓಡಾಡುತ್ತಿದೆ ಎಂದು ಅವರ ತರ್ಕ. ಅವರ ದೃಷ್ಟಿಯಲ್ಲಿ ಈ ರೋಗ ಹೊಸ ಸೋಂಕಲ್ಲ, ಹಳೆಯ ವೈರಸ್ಸಿನ ಮರುಎಚ್ಚರ. ಮನೆಯಲ್ಲಿ ಇನ್ನೊಬ್ಬರಿಗೆ ಹರಡದಿರುವುದಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಒಪ್ಪಬೇಕು.

ಆದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ವೈರಸ್ ಎದ್ದದ್ದರಿಂದ ಮಚ್ಚೆ ಬಂತೋ, ಮಚ್ಚೆ ತರುವ ಇನ್ಯಾವುದೋ ಗದ್ದಲಕ್ಕೆ ವೈರಸ್ಸಿಗೂ ಎಚ್ಚರವಾಯಿತೋ? ಚರ್ಮದಲ್ಲಿ ಉರಿಯೂತವಾದಾಗ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಅವುಗಳೊಳಗೆ ವೈರಸ್ ಮೊದಲೇ ಇದೆ. ಹೀಗಿರುವಾಗ ಮಚ್ಚೆಯಲ್ಲಿ ವೈರಸ್ ಸಿಕ್ಕರೆ ಅದು ಬೆಂಕಿ ಹಚ್ಚಿದವನೋ, ಬೆಂಕಿ ನೋಡಲು ಓಡಿಬಂದವನೋ? ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತೆಂಬ ಮಾತು ನಮ್ಮಲ್ಲಿದೆ. ಟೊಂಗೆ ಮುರಿದ ಸದ್ದಿಗೇ ಕಾಗೆ ಎದ್ದಿರುವ ಸಾಧ್ಯತೆಯನ್ನೂ ವಿಜ್ಞಾನಿ ಎಣಿಸಬೇಕಾಗುತ್ತದೆ. ಸಾಲ್ಸ್‌ಬರಿಯ ಪ್ರಯೋಗ ಇಲ್ಲಿ ನಡೆಯದು. ಎಲ್ಲರ ಮೈಯಲ್ಲೂ ಇರುವ ವೈರಸ್ಸನ್ನು ಯಾರಿಗೆ ಹೊಸದಾಗಿ ಕೊಟ್ಟು ನೋಡುವುದು?

ಔಷಧದ ಮೂಲಕ ಉತ್ತರ ಹುಡುಕುವ ಪ್ರಯತ್ನವೂ ನಡೆದಿದೆ. ಹರ್ಪಿಸ್ ಕುಟುಂಬದ ಕೆಲವು ವೈರಸ್‌ಗಳನ್ನು ತಡೆಯುವ ಅಸೈಕ್ಲೊವಿರ್ ಮಾತ್ರೆಯಿಂದ ಮಚ್ಚೆ ಬೇಗ ಮಾಸಿದರೆ ಕಾರಣ ಹರ್ಪಿಸ್ ವೈರಸ್ಸೇ ಎಂದು ಹೇಳಬಹುದಲ್ಲವೆ? ಡ್ರಾಗೊ ತಂಡ 2006ರಲ್ಲಿ 87 ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಮಾತ್ರೆ ತೆಗೆದುಕೊಂಡವರಿಗೆ ಬೇಗ ಗುಣವಾಯಿತು. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೂ ಈ ಔಷಧದಿಂದ ದದ್ದು ಬೇಗ ಇಳಿಯುವ ಸಂಭವವಿದೆ ಎಂದಿತು. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ: ಪ್ರಯೋಗಶಾಲೆಯ ತಟ್ಟೆಯಲ್ಲಿ ವೈರಸ್-6 ಮತ್ತು 7 ಅಸೈಕ್ಲೊವಿರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಎರಿತ್ರೊಮೈಸಿನ್ನಿನ ಕಥೆ ಇದಕ್ಕಿಂತ ಸ್ವಾರಸ್ಯ. ಅದು ಬ್ಯಾಕ್ಟೀರಿಯ ಕೊಲ್ಲುವ ಔಷಧ, ವೈರಸ್ಸಿಗೆ ಅದರಿಂದ ಏನೂ ಆಗದು. ಆದರೂ 2000ದಲ್ಲಿ ಪ್ರಕಟವಾದ ಭಾರತದ 90 ರೋಗಿಗಳ ಪ್ರಯೋಗವೊಂದರಲ್ಲಿ ಅದು ಭಾರಿ ಗುಣ ತೋರಿಸಿತು! ಅದೇ ವರ್ಗದ ಅಜಿತ್ರೊಮೈಸಿನ್ನನ್ನು 2006ರಲ್ಲಿ ಮಕ್ಕಳಿಗೆ, 2014ರಲ್ಲಿ ಭಾರತದಲ್ಲಿ ಮತ್ತೆ ರೋಗಿಗಳಿಗೆ ಕೊಟ್ಟು ನೋಡಿದಾಗ ಖಾಲಿ ಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ತಾನಾಗಿ ವಾಸಿಯಾಗುವ ರೋಗದಲ್ಲಿ ಯಾವ ಔಷಧಕ್ಕೂ ಹೆಸರು ಬರುವುದು ಸುಲಭ. ಹೋಲಿಸಿ ನೋಡಲು ಔಷಧವಿಲ್ಲದ ಇನ್ನೊಂದು ಗುಂಪು ಇಲ್ಲದಿದ್ದರೆ ಕಷಾಯವೂ ಗೆಲ್ಲುತ್ತದೆ, ತಾಯತವೂ ಗೆಲ್ಲುತ್ತದೆ. 2020ರಿಂದೀಚೆಗೆ ಕೋವಿಡ್ ಬಂದವರಲ್ಲಿ, ಲಸಿಕೆ ಹಾಕಿಸಿಕೊಂಡ ಕೆಲವರಲ್ಲಿ ಇದೇ ಬಗೆಯ ಮಚ್ಚೆ ಕಂಡ ವರದಿಗಳು ಬಂದಿವೆ. ಮರುಎಚ್ಚರದ ವಾದಕ್ಕೆ ಅವು ಹೊಂದುತ್ತವೆ, ಸಾಬೀತು ಮಾಡುವುದಿಲ್ಲ.

ತಾನೇ ಹೋಗುವ ಮಚ್ಚೆಯ ಕಾರಣ ತಿಳಿದು ಆಗಬೇಕಾದ್ದೇನು ಎಂದು ತಂದೆತಾಯಂದಿರು ಕೇಳಬಹುದು. ಆಗಬೇಕಾದ್ದು ಇದೆ. ಇಟಲಿಯ ಅದೇ ತಂಡ 2008ರಲ್ಲಿ, ಈ ರೋಗ ಬಂದ 38 ಗರ್ಭಿಣಿಯರ ವಿವರ ಪ್ರಕಟಿಸಿತು. ಗರ್ಭದ ಮೊದಲ 15 ವಾರಗಳಲ್ಲಿ ಮಚ್ಚೆ ಬಂದವರಲ್ಲಿ ಗರ್ಭಪಾತ ಹೆಚ್ಚಾಗಿತ್ತೆಂದು ಅದರಲ್ಲಿ ಹೇಳಿತ್ತು. ಸಣ್ಣ ಸಂಖ್ಯೆಯ ಲೆಕ್ಕವಾದ್ದರಿಂದ ಹೆದರಬೇಕಾಗಿಲ್ಲ, ಆದರೆ ಗರ್ಭಿಣಿಯರು ವೈದ್ಯರಿಗೆ ತೋರಿಸದೆ ಇರಬಾರದು. ವೈರಸ್ಸೇ ಕಾರಣವೆಂದು ಖಚಿತವಾದರೆ ಇಂಥವರಿಗೆ ಏನು ಕೊಡಬೇಕು ಎಂಬುದು ನಿರ್ಧಾರವಾಗುತ್ತದೆ. ಅಲ್ಲವೆಂದು ಖಚಿತವಾದರೆ ಬೇಡದ ಮಾತ್ರೆ ನುಂಗುವುದು ತಪ್ಪುತ್ತದೆ.

ಹುಡುಗರ ವಿಷಯದಲ್ಲಿ ಇಷ್ಟು ತಿಳಿದಿದ್ದರೆ ಸಾಕು. ಜೊತೆಯಲ್ಲಿ ಕುಳಿತ ಮಾತ್ರಕ್ಕೆ ಇದು ಹರಡುವ ಭಯವಿಲ್ಲ; ಶಾಲೆ ಬಿಡಿಸಬೇಕಾಗಿಲ್ಲ, ಪರೀಕ್ಷೆ ತಪ್ಪಿಸಬೇಕಾಗಿಲ್ಲ, ಪಥ್ಯ ಬೇಕಾಗಿಲ್ಲ. ಸುಡುನೀರಿನ ಸ್ನಾನ, ಉಜ್ಜುವುದು, ಬೆವರುವುದು ತುರಿಕೆ ಹೆಚ್ಚಿಸುತ್ತವೆ. ಉಗುರುಬೆಚ್ಚಗಿನ ನೀರು, ಮೈಗೆ ತೆಳುವಾಗಿ ಕೊಬ್ಬರಿ ಎಣ್ಣೆ ಹಿತ. ಮಾಸಿದ ಮೇಲೂ ಕಂದು ಕಲೆ ಕೆಲವು ತಿಂಗಳು ಉಳಿಯಬಹುದು, ಅದೂ ಹೋಗುತ್ತದೆ. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಮಾತ್ರ ತಾವಾಗಿ ಹಚ್ಚಬಾರದು. ನಿಜವಾಗಿ ಹುಳುಕಡ್ಡಿಯೇ ಆಗಿದ್ದರೆ ಅದು ಮೇಲ್ನೋಟಕ್ಕೆ ತಗ್ಗಿದಂತೆ ಕಂಡು ಒಳಗೊಳಗೇ ಹಬ್ಬುತ್ತದೆ. ಮಚ್ಚೆಯ ಮೇಲೆ ಮುಟ್ಟಿದ್ದು ಗೊತ್ತಾಗದಿದ್ದರೆ, ಅಂಗೈ ಅಂಗಾಲುಗಳಲ್ಲೂ ಮಚ್ಚೆ ಎದ್ದಿದ್ದರೆ, ಮೂರು ತಿಂಗಳಾದರೂ ಹೋಗದಿದ್ದರೆ ಅದು ಬೇರೆ ರೋಗವಿರಬಹುದು. ಕುಷ್ಠವೂ ಆರಂಭದಲ್ಲಿ ಮಚ್ಚೆಯಾಗಿಯೇ ಬರುತ್ತದೆ, ಬೇಗ ತೋರಿಸಿದರೆ ಪೂರ್ತಿ ಗುಣವಾಗುತ್ತದೆ. ವೈದ್ಯರು ಒಂದು ರಕ್ತಪರೀಕ್ಷೆಯನ್ನೋ ಚರ್ಮದ ಹೊಟ್ಟಿನ ಪರೀಕ್ಷೆಯನ್ನೋ ಮಾಡಿಸಿ ಬೇರೆ ರೋಗಗಳನ್ನು ತಳ್ಳಿಹಾಕುತ್ತಾರೆ. ತೋರಿಸಲು ಹೋಗುವಾಗ, ಮೊದಲ ಮಚ್ಚೆ ಯಾವ ದಿನ, ಎಲ್ಲಿ ಕಂಡಿತು, ಉಳಿದವು ಎಷ್ಟು ದಿನದ ಮೇಲೆ ಬಂದವು ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.